‘ಸೋಲರಿಯದವರು’ ಎಂದು ಓದಿದ ದಿನ

ಎರಡು ವರ್ಷದ ಹಿಂದಿನ ನವೆಂಬರ್. ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾದ ನನಗೆ ರಾಜ್ಯೋತ್ಸವದ ತಿಂಗಳು ಬಂದರೆ ಕೈತುಂಬಾ ಕೆಲಸ. ಯಾರಿಗೇ ಸನ್ಮಾನವಿರಲಿ, ಅಭಿನಂದನಾ ಪತ್ರ ಬರೆಯುವುದು, ವೇದಿಕೆ ಮೇಲೆ ಅದನ್ನು ಏರುದನಿಯಲ್ಲಿ ಓದುವುದು ನಾನೇ. ಶಾಲು, ಪೇಟ, ಹಣ್ಣಿನ ಬುಟ್ಟಿ ಯಾರಾದರೂ ತರಲಿ, ಹೊಗಳಿಕೆ ಮಾತ್ರ ನನ್ನದು ಎಂಬ ಜಂಬವೂ ಇತ್ತು.

ಆ ಸಲ ತುಮಕೂರಿನ ಮರಳೂರಿನಲ್ಲಿ ಬಾಕ್ಸರ್ ನಾಗಶ್ರೀ ಅವರಿಗೆ ಸನ್ಮಾನ. ಊರ್ಡಿಗೆರೆ ಕಡೆಯ ರೈತರ ಮಗಳು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದು ಬಂದಿದ್ದರು. ನನ್ನ ಮಗಳು ಚಂದನಾಳನ್ನೂ ಬಲವಂತ ಮಾಡಿ ಕರೆದುಕೊಂಡು ಹೋದೆ. ಪಿಯುಸಿ ಓದುತ್ತಿದ್ದ ಅವಳೂ ಬಾಕ್ಸಿಂಗ್ ಕಲಿಯುತ್ತಿದ್ದಳು. ಹಿಂದಿನ ವಾರ ಜಿಲ್ಲಾ ಪಂದ್ಯದಲ್ಲಿ ಕುಣಿಗಲ್‌ನ ಯಮುನಾ ಎಂಬ ಹುಡುಗಿಯ ಕೈಲಿ ಸೋತು ಬಂದವಳೇ ಗ್ಲೌಸನ್ನು ಅಟ್ಟಕ್ಕೆ ಎಸೆದಿದ್ದಳು. "ಇನ್ನು ಹೋಗಲ್ಲ ಬುಡಪ್ಪ" ಎಂದುಬಿಟ್ಟಿದ್ದಳು. ಗೆದ್ದವರನ್ನು ಕಣ್ಣಾರೆ ಕಂಡರೆ ಹುಮ್ಮಸ್ಸು ಬಂದೀತು ಎಂದುಕೊಂಡಿದ್ದೆ.

ಪತ್ರ ಓದುತ್ತಾ ‘ಸೋಲರಿಯದ ವೀರವನಿತೆ’ ಎಂಬಲ್ಲಿಗೆ ಬಂದಾಗ ಚಪ್ಪಾಳೆಗೆಂದು ಸ್ವಲ್ಪ ನಿಲ್ಲಿಸಿದೆ. ಚಪ್ಪಾಳೆ ಬಂತು. ನಾಗಶ್ರೀ ಮಾತ್ರ ಪೇಟ ಸರಿಮಾಡಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಮೈಕ್ ಹಿಡಿದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಚೆನ್ನಾಗಿ ಬರ್ದಿದೀರಿ. ಆದ್ರೆ ಸೋಲರಿಯದವ್ಳು ಅಂದ್ರಲ್ಲ, ಅದು ನಾನಲ್ಲ. ಸರಿಯಾಗೇ ಒದೆ ತಿಂದಿದೀನಿ."

ಸಭೆಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಅವರು ಗೆಲುವಿನ ಸುದ್ದಿಯನ್ನೇ ಎತ್ತಲಿಲ್ಲ. ಮೊದಲ ಪಂದ್ಯ ನೋಡಲು ಊರಿನವರು ಟೆಂಪೋ ಮಾಡಿಕೊಂಡು ಬಂದಿದ್ದರಂತೆ. ಅವರು ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇವರು ಅಂಗಾತ ಬಿದ್ದು ಪಂದ್ಯವೇ ಮುಗಿದಿತ್ತು. ಬೆಲ್ಟ್ ಗೆದ್ದ ಮೇಲೊಮ್ಮೆ ಅದನ್ನು ಪಾಯಿಂಟ್ ಲೆಕ್ಕದಲ್ಲಿ ಕಳೆದುಕೊಂಡರು. ತಾವೇ ಗೆದ್ದೆವೆಂದು ಕೈ ಎತ್ತಿದ್ದರಂತೆ, ರೆಫರಿ ಎತ್ತಿದ್ದು ಇನ್ನೊಬ್ಬಳ ಕೈ. ಎತ್ತಿದ ಕೈ ಇಳಿಸಲು ನಾಚಿಕೆಯಾಗಿ ಹಾಗೇ ತಲೆ ಕೆರೆದುಕೊಂಡರಂತೆ. ಅದಾದ ಮೇಲಿನ ಪಂದ್ಯದಲ್ಲಿ ಇವರ ಕಣ್ಣಿಗೆ ಏಟು ಬಿದ್ದಾಗ ಕೋಚ್ ನಡುವೆಯೇ ಟವೆಲ್ ಎಸೆದು ಸೋಲೊಪ್ಪಿಕೊಂಡುಬಿಟ್ಟರು. ಆ ಸಿಟ್ಟಿಗೆ ಇವರು ಬಹಳ ದಿನ ಕೋಚ್ ಜೊತೆ ಮಾತು ಬಿಟ್ಟಿದ್ದರಂತೆ. "ಆ ಟವೆಲ್ ಬಿದ್ದಿಲ್ಲ ಅಂದ್ರೆ ಇವತ್ತು ನಿಮ್ಮನ್ನೆಲ್ಲ ಒಂದೇ ಕಣ್ಣಲ್ಲಿ ನೋಡ್ಬೇಕಿತ್ತು" ಎಂದರು. ಈ ಸಲ ಯಾರೂ ನಗಲಿಲ್ಲ.

ಆಮೇಲೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಸೋತಾಗೆಲ್ಲ ಅತ್ಕೊಂಡೇ ಗೆದ್ದವಳ ರೂಮಿಗೆ ಹೋಗ್ತೀನಿ. ನಿಂಗೆ ನನ್ನಲ್ಲಿ ಎಲ್ಲಿ ಸಂದು ಸಿಕ್ತು ಅಂತ ಕೇಳ್ತೀನಿ. ಹೊಡ್ದವ್ರಿಗೆ ಗೊತ್ತಿರೋಷ್ಟು ಕೋಚ್‌ಗೂ ಗೊತ್ತಿರಲ್ಲ. ಇದುವರ್ಗೂ ಯಾರೂ ಹೇಳಲ್ಲ ಅಂದಿಲ್ಲ." ಬೆಲ್ಟ್ ಕಿತ್ತುಕೊಂಡವಳೇ ಇವರ ಎಡಗೈ ತಪ್ಪನ್ನು ತೋರಿಸಿಕೊಟ್ಟಿದ್ದಳಂತೆ. ಅದನ್ನು ತಿದ್ದಿಕೊಂಡು ಅವಳಿಂದಲೇ ಬೆಲ್ಟ್ ವಾಪಸ್ ಗೆದ್ದಿದ್ದರು.

ಎಷ್ಟೋ ಸನ್ಮಾನಗಳಲ್ಲಿ ಪತ್ರ ಓದಿದ್ದೇನೆ. ಶಾಲು ಹೊದ್ದು ಪೇಟ ಇಟ್ಟುಕೊಂಡು ತಮ್ಮ ಸೋಲನ್ನು ಇಷ್ಟು ನಿರಾಳವಾಗಿ ಹೇಳಿಕೊಂಡವರನ್ನು ಮಾತ್ರ ನೋಡಿರಲಿಲ್ಲ. ನನ್ನ ಸಂಕೋಚವೆಲ್ಲ ಹೋಗಿ ಆ ಹೆಣ್ಣುಮಗಳ ಮೇಲೆ ಗೌರವ ಉಕ್ಕಿ ಬಂತು.

ವಾಪಸ್ ಬರುವಾಗ ಬಸ್ಸಿನಲ್ಲಿ ಚಂದನಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಗುಬ್ಬಿ ಹತ್ತಿರ ಬಂದಾಗ ಕೇಳಿದಳು: "ಅಪ್ಪ, ಕುಣಿಗಲ್ಲಲ್ಲಿ ಆ ಯಮುನಾ ಮನೆ ಎಲ್ಲಿರೋದು?"

ಚಂದನಾಳ ಕೋಚ್ ಹತ್ತಿರ ವಿಳಾಸ ಕೇಳಿಕೊಂಡು ಭಾನುವಾರ ಹೋದೆವು. ಯಮುನಾಳ ತಾಯಿ ಗಾಬರಿಯಾದರು, ಏನೋ ತಕರಾರು ತಂದಿದ್ದೇವೆ ಎಂದು. ವಿಷಯ ತಿಳಿದ ಮೇಲೆ ನಗುತ್ತಾ ಉಪ್ಪಿಟ್ಟು ಮಾಡಲು ಎದ್ದರು. ಎದುರಾಳಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ? ಯಮುನಾ ಹೇಳಿದಳು. "ಹೊಡ್ಯೋಕ್ ಮುಂಚೆ ಬಲಗೈ ಕೆಳಕ್ ಬಿಡ್ತೀಯ ಕಣೇ. ಅಲ್ಲೇ ನುಗ್ತೀನಿ." ಅಂಗಳದಲ್ಲಿ ನಿಂತು ಮಾಡಿಯೂ ತೋರಿಸಿದಳು. ಆ ಸಂಜೆಯೇ ಗ್ಲೌಸು ಅಟ್ಟದಿಂದ ಇಳಿಯಿತು.

ಮರುವರ್ಷ ಮತ್ತೆ ಅವರಿಬ್ಬರೇ ಎದುರಾದರು. ಚಂದನಾ ಬಲಗೈ ಇಳಿಸಲೇ ಇಲ್ಲ, ಕೊನೆಯ ರೌಂಡಿನವರೆಗೂ ಸಮಸಮ ನಿಂತಳು. ಆದರೂ ರೆಫರಿ ಎತ್ತಿದ್ದು ಯಮುನಾಳ ಕೈಯನ್ನೇ. ಗ್ಲೌಸು ಮತ್ತೆ ಅಟ್ಟ ಸೇರುತ್ತದೆ ಎಂದುಕೊಂಡೆ. ಚಂದನಾ ಕಣ್ಣು ಒರೆಸಿಕೊಂಡಳು, ಬಾಯಿಗಿಟ್ಟಿದ್ದ ಗಾರ್ಡ್ ತೆಗೆದಳು, ನೇರ ಯಮುನಾಳ ಹತ್ತಿರ ಹೋದಳು. ಮುಂದಿನ ಸಾಲಿನಲ್ಲಿದ್ದ ನನಗೆ ಕೇಳಿಸಿತು:

"ಈ ಸಲ ಎಲ್ಲಿ ಸಂದು ಸಿಕ್ತು, ಹೇಳೇ."

ನಾನು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದೆ. ಪಕ್ಕದಲ್ಲಿದ್ದವರು ನಿಮ್ಮ ಮಗಳು ಗೆದ್ದಳಾ ಸಾರ್ ಎಂದು ಕೇಳಿದರು. "ಇಲ್ಲ, ಸೋತ್ಲು" ಅಂದೆ. ಮಗಳ ವಿಷಯದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಇನ್ಯಾವ ಮಾತನ್ನೂ ಆಡಿದ್ದಿಲ್ಲ.