ತಾರಸಿಯ ಮೇಲಿನ ಹಳದಿ ಟವೆಲು

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಸಮಾಜ ವಿಜ್ಞಾನದ ಟೀಚರಾಗಿದ್ದೆ. ಹೆದ್ದಾರಿಯ ಹತ್ತಿರ ಮಹಡಿ ಮೇಲಿನ ಕೋಣೆಯೊಂದರಲ್ಲಿ ಒಬ್ಬಳೇ ವಾಸ. ಕೆಳಗೆ ಮನೆಯೊಡತಿ, ಅವರ ಯಜಮಾನರು ಕೇರಳಕ್ಕೆ ಈರುಳ್ಳಿ ಲಾರಿ ಓಡಿಸುತ್ತಿದ್ದರು. ನಾನು ಇದ್ದೇನೋ ಸತ್ತೆನೋ ಎಂದು ಕೇಳುವವರೇ ಇಲ್ಲವೆಂಬ ಕೊರಗು ನನಗಾಗ ವಿಪರೀತ.

ಒಂದು ಸಂಜೆ ಬಾವುಟದ ಪಾಠ ಓದಿಕೊಳ್ಳುತ್ತಾ ಮನೆಯೊಡತಿಗೂ ಹೇಳಿದೆ. ರಾಷ್ಟ್ರಪತಿಗಳು ಊರಲ್ಲಿದ್ದರೆ ಮಾತ್ರ ಅವರ ಮನೆಯ ಮೇಲೆ ಬಾವುಟ ಹಾರುತ್ತದೆ. ಊರು ಬಿಟ್ಟರೆ ಇಳಿಸುತ್ತಾರೆ, ವಾಪಸ್ಸು ಬಂದು ಗೇಟು ದಾಟುತ್ತಲೇ ಮತ್ತೆ ಏರಿಸುತ್ತಾರೆ.

"ಚಂದಾಗದೆ ಕಣಮ್ಮಿ! ನಾವೂ ಅಂಗೇ ಮಾಡ್ಬುಡನ," ಎಂದು ನಕ್ಕರು. ನಕ್ಕು ಸುಮ್ಮನಾಗಲಿಲ್ಲ. ಯಜಮಾನರು ಮನೆಯಲ್ಲಿದ್ದರೆ ತಾರಸಿಯ ಕಂಬಿಗೆ ಅವರ ಹಸಿರು ಲುಂಗಿ, ನಾನಿದ್ದರೆ ನನ್ನ ಹಳದಿ ಟವೆಲು. ಹಾಲಿನವನೂ ತಲೆಯೆತ್ತಿ ನೋಡಿಯೇ ನನ್ನನ್ನು ಕೂಗುತ್ತಿದ್ದ. ನಾನಿರುವುದೂ ಲೆಕ್ಕಕ್ಕೆ ಬಂತಲ್ಲ ಎಂದು ಹಿಗ್ಗಿದೆ.

ದಸರಾ ರಜೆಗೆ ಟವೆಲು ಇಳಿಸಿ ಹರವೆಗೆ, ನಮ್ಮೂರಿಗೆ, ಹೊರಟೆ. ತೆರಕಣಾಂಬಿ ತಲುಪುವಷ್ಟರಲ್ಲಿ ಚಳಿಜ್ವರ ಹತ್ತಿತು. ಅಲ್ಲೇ ಇಳಿದು, ಎದುರು ಬಸ್ಸು ಹಿಡಿದು ವಾಪಸ್ಸು ಬಂದವಳೇ ಹೊರಗಿನ ಮೆಟ್ಟಿಲು ಹತ್ತಿ, ಬಾಗಿಲು ಹಾಕಿಕೊಂಡು ಬಿದ್ದುಕೊಂಡೆ. ಟವೆಲು ಚೀಲದಲ್ಲೇ ಉಳಿಯಿತು.

ಮರುದಿನ ಕೆಳಗೆ ಮನೆಯೊಡತಿ ಹಾಲಿನವನಿಗೆ ಹೇಳುವುದು ಕೇಳಿಸಿತು. "ಟೀಚರಮ್ಮ ಊರ್ಗೋಗವ್ರೆ ಕಣಪ್ಪಾ, ಆಲು ಬ್ಯಾಡ."

ಕೂಗಬಹುದಿತ್ತು. ಕೂಗಲಿಲ್ಲ. ಒಂದು ತುಂಡು ಬಟ್ಟೆ ಕಾಣದಿದ್ದರೆ ಮನುಷ್ಯಳೇ ಇಲ್ಲವೇನು ಎಂದು ಸಿಟ್ಟು ಬಂತು. ಆ ಕಾನೂನು ಹೇಳಿಕೊಟ್ಟವಳು ನಾನೇ ಎಂದು ನೆನಪಾಗಿ ಅಳುವೂ ಬಂತು. ಮಾಡಿದ್ದುಣ್ಣೋ ಮಹರಾಯ.

ಅದರ ಮಾರನೆಯ ದಿನ ಬಾಯೊಣಗಿ, ಬೇರೆ ದಾರಿ ಕಾಣದೆ, ಗೋಡೆ ಹಿಡಿದುಕೊಂಡು ಹೋಗಿ ಟವೆಲು ಕಟ್ಟಿದೆ. ಸ್ವಲ್ಪ ಹೊತ್ತಿಗೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. "ಯಾವಾಗ್ ಬಂದೆ ಕಣಮ್ಮಿ? ಮೈ ಕೆಂಡದಂಗದಲ್ಲ! ಒಂದ್ ಮಾತ್ ಕೂಗ್ಬಾರ್ದಾ?" ಎಂದು ಬೈಯುತ್ತಲೇ ಆಕೆ ಗಂಜಿ ಕುಡಿಸಿದರು.

ಮುಂದೆ ಚಾಮರಾಜನಗರಕ್ಕೆ ವರ್ಗವಾಯಿತು. ಹೊಸ ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಟವೆಲನ್ನು ತಾರಸಿಯ ಕಂಬಿಗೆ ಕಟ್ಟಿ, ಅಲ್ಲೇ ಕೂತು ಸಂಜೆಯ ತನಕ ಕಾದೆ. ಕೊನೆಗೂ ಪಕ್ಕದ ಮನೆಯಾಕೆ ತಲೆಯೆತ್ತಿ ನೋಡಿದರು. ನಾನು ಎದ್ದು ನಿಂತೆ.

"ಮೇಡಂ, ಮಳೆ ಬರಂಗದೆ, ಬಟ್ಟೆ ತಕ್ಕಳಿ," ಎಂದು ಹೇಳಿ ಆಕೆ ಬಾಗಿಲು ಹಾಕಿಕೊಂಡರು.