ಹಿಂದಿನ ಸೀಟಿಲ್ಲದ ಕಾರು

ಮದುವೆಯಾಗಿ ಗದಗಿಗೆ ಬಂದ ದಿನದಿಂದ ಮನೆಯ ಕಾರಿನಲ್ಲಿ ನನ್ನದು ಹಿಂದಿನ ಸೀಟು. ಸ್ಟಿಯರಿಂಗ್ ಹಿಡಿಯುವವರು ನನ್ನ ಯಜಮಾನರು. ಅವರ ಪಕ್ಕದ ಸೀಟು ಮೊದಲು ಮಾವನವರದಾಗಿತ್ತು, ಅವರು ತೀರಿಕೊಂಡ ಮೇಲೆ ಭಾವನವರದಾಯಿತು. ಹಾಗೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು, ನೆಗೆಣ್ಣಿ, ಬುತ್ತಿಯ ಗಂಟು, ನೀರಿನ ಬಾಟಲಿ ಎಲ್ಲ ಹಿಂದೆ. ಇಪ್ಪತ್ತೆರಡು ವರ್ಷ ಯಜಮಾನರ ಬೆನ್ನು ನೋಡುತ್ತಲೇ ಊರೂರು ತಿರುಗಿದ್ದೇನೆ. ಅವರ ಎಡಗಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆಯಿದೆ. ಅದು ಅವರಿಗೇ ಗೊತ್ತಿಲ್ಲ.

ಹಾಗಾಗಿ ಒಂದು ಸಂಜೆ ಯಜಮಾನರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಹಳೇ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ಮಾತು ತೆಗೆದಾಗ ನಾನು ಮೊದಲು ಕೇಳಿದ್ದು, "ಭಾವನವರು ಎಲ್ಲಿ ಕುಂಡ್ರತಾರ?" ಎಂದು.

"ಅದರಾಗ ಇರೂದ ಎರಡ ಸೀಟ. ಒಂದ ನಂದು, ಒಂದ ನಿಂದು. ಅಣ್ಣ ಬೇಕಾದ್ರ ಬಸ್ಸಿನ್ಯಾಗ ಬರಲಿ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಆ ವಾರ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಿದ್ದು ಇಬ್ಬರಿಗೂ ನೆನಪಿತ್ತು. ಯಜಮಾನರ ಕಣ್ಣು ಅಂಚಿನಿಂದ ಒಳಗೆ ಮುಚ್ಚಿಕೊಳ್ಳುತ್ತ ಬರುತ್ತಿತ್ತು. ನೇರ ಇರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಪೈಪಿನೊಳಗಿಂದ ನೋಡಿದ ಹಾಗೆ. ನೆರಳಿನಲ್ಲಿ, ಕತ್ತಲ ಕೋಣೆಯಲ್ಲಿ ಬಹುತೇಕ ಏನೂ ಇಲ್ಲ. ಔಷಧವಿಲ್ಲ. ಕಾರು ಓಡಿಸುವುದನ್ನು ಈಗಲೇ ಬಿಡುವುದು ಒಳ್ಳೆಯದು ಎಂದಿದ್ದರು ಡಾಕ್ಟರು. ಯಜಮಾನರು ಅದನ್ನು, ಇನ್ನೂ ಸ್ವಲ್ಪ ದಿನ ಓಡಿಸಬಹುದು ಎಂದು ಕೇಳಿಸಿಕೊಂಡರು. ಮುಂದಿನ ತಪಾಸಣೆಯ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಮನ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದರು. ಅದನ್ನು ನಾನು ಕಪಾಟಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟೆ.

ಆ ಕಾರಿನ ಹುಚ್ಚು ಅವರಿಗೆ ಚಿಕ್ಕಂದಿನದು. ಅವರು ಶಾಲೆಗೆ ಹೋಗುವ ದಾರಿಯಲ್ಲಿ ಹತ್ತಿ ಮಿಲ್ಲಿನ ಎಂಜಿನಿಯರೊಬ್ಬರು ಟಾಪು ಮಡಚಿದ ಸಣ್ಣ ಕಾರಿನಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಆಕೆ ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದರಂತೆ. ಸ್ಕಾರ್ಫಿನ ಬಣ್ಣ ಯಾವುದೆಂದು ನಾನು ಕೇಳಿದರೆ ಒಮ್ಮೆ ಹಳದಿ ಎನ್ನುತ್ತಾರೆ, ಒಮ್ಮೆ ನೀಲಿ.

"ಇನ್ನೊಂದ ವರ್ಷ ಐತಿ ನನ್ನ ಕೈಯಾಗ" ಎಂದರು. "ಹಗಲಿನ್ಯಾಗ, ಸೀದಾ ರಸ್ತಿ ಮ್ಯಾಲೆ ಅಷ್ಟ."

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.

ಟೆರೇಸಿನ ಮೇಲೆ ಒಂದು ಕೋಣೆ ಕಟ್ಟಿಸಲೆಂದು ಇಟ್ಟಿದ್ದ ಹಣವೇ ನಮ್ಮ ಮಿತಿ. ಅಷ್ಟರಲ್ಲಿ ಬರುವ ಕಾರು ಎಂಥದಿರಬೇಕೆಂದು ಫೋನಿನಲ್ಲಿ ಇಂಗ್ಲಿಷ್ ಬರಹಗಳನ್ನು ಹುಡುಕಿದರು. ಅಕ್ಷರ ಸಣ್ಣವು, ಸಾಲಿನ ತುದಿ ಅವರ ಕಣ್ಣಿನಿಂದ ಜಾರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮನ್ನು ಎದ್ದು ನಿಲ್ಲಿಸಿ ಓದಿಸುತ್ತಿದ್ದ ಹಾಗೆ, ಪಲ್ಲೆ ಸೋಸುತ್ತ ನಾನು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಿದ್ದೆ. ಎಂಜಿನ್ ಕೆಟ್ಟರೆ ಹೆದರಬೇಡಿ, ಅದರ ಸಾಮಾನು ಇಂಗ್ಲೆಂಡಿನಿಂದ ಇವತ್ತಿಗೂ ಪಾರ್ಸೆಲ್ಲಿನಲ್ಲಿ ಬರುತ್ತದೆ. ಹೆದರಬೇಕಾದ್ದು ತುಕ್ಕಿಗೆ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿದ್ದರೆ ಕಾರು ನಡುವಿನಲ್ಲೇ ಕುಸಿಯುತ್ತದೆ. ಆ ಪಟ್ಟಿಗೆ ನಾನು ಹೊಸ್ತಿಲು ಎಂದು ಹೆಸರಿಟ್ಟೆ. ಮಾರುವವರು ತುಕ್ಕಿನ ತೂತಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿರುತ್ತಾರೆ, ಅದಕ್ಕೇ ಜೊತೆಯಲ್ಲೊಂದು ಮ್ಯಾಗ್ನೆಟ್ ಒಯ್ಯಿರಿ. ಕಬ್ಬಿಣವಿದ್ದರೆ ಹಿಡಿಯುತ್ತದೆ, ಪುಟ್ಟಿಯಿದ್ದರೆ ಬೀಳುತ್ತದೆ.

ನಮ್ಮ ಫ್ರಿಜ್ಜಿನ ಬಾಗಿಲಿಗೆ ಸೂರ್ಯಕಾಂತಿ ಹೂವಿನ ಆಕಾರದ ಒಂದು ಮ್ಯಾಗ್ನೆಟ್ಟಿತ್ತು, ಗ್ಯಾಸಿನ ರಸೀತಿ ಹಿಡಿದಿಡಲಿಕ್ಕೆ. ಬಣ್ಣಕ್ಕೆ ಗೀರು ಬೀಳದಿರಲೆಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಹಳೇ ಕಾರುಗಳು ಇರುವುದು ಕತ್ತಲ ಶೆಡ್ಡುಗಳಲ್ಲಿ, ಅಲ್ಲಿ ನೋಡುವ ಕಣ್ಣು ನನ್ನದೇ.

ಮೊದಲನೆಯದು ಬೆಟಗೇರಿಯಲ್ಲೇ, ಮಗ್ಗದ ಮನೆಯೊಂದರ ಹಿಂದಿನ ಶೆಡ್ಡಿನಲ್ಲಿ. ಕೆಂಪಗೆ ಹೊಳೆಯುತ್ತಿತ್ತು, ಬೆಲೆ ಎಲ್ಲದಕ್ಕಿಂತ ಕಡಿಮೆ. ಯಜಮಾನರ ಮುಖ ಅರಳಿತು. ನಾನು ಕೂತು ಮ್ಯಾಗ್ನೆಟ್ಟನ್ನು ಹೊಸ್ತಿಲಿಗೆ ಹಿಡಿದೆ. ಬಿತ್ತು. ಒಂದು ಗೇಣು ಆಚೆ ಹಿಡಿದೆ. ಅಲ್ಲೂ ಬಿತ್ತು.

"ಅಕ್ಕಾರ, ಫ್ರಿಜ್ ತೊಗೊಳ್ಳಾಕ ಬಂದೀರೋ, ಗಾಡಿ ತೊಗೊಳ್ಳಾಕ ಬಂದೀರೋ?" ಎಂದ ಮಾರುವವನು.

"ಫ್ರಿಜ್ಜಿಗರ ಹಿಡೀತೈತ್ರಿ" ಎಂದೆ. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ. ಯಜಮಾನರು ಹೊರಗೆ ಬಂದು, "ಖರೆ ಹೇಳ, ಬೀಳ್ತೇನು?" ಎಂದರು. ಖರೆ ಎಂದೆ. ಅಷ್ಟೇ. ಮತ್ತೆ ಆ ಕಾರಿನ ಮಾತು ಎತ್ತಲಿಲ್ಲ. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ಭರವಸೆ.

ಎರಡನೆಯದು ಲಕ್ಷ್ಮೇಶ್ವರದ ಕಾಳಿನ ಗೋದಾಮಿನಲ್ಲಿ, ಜೋಳದ ಚೀಲಗಳ ಸಂದಿಯಲ್ಲಿ. ಸೀಟಿನ ಹತ್ತಿಯಲ್ಲಿ ಇಲಿ ಮರಿ ಹಾಕಿತ್ತು, ಆದರೂ ಮೈ ಗಟ್ಟಿಯಿತ್ತು. ಆದರೆ ಎಂಜಿನ್ ಮೇಲಿನ ನಂಬರು ಒಂದು, ಆರ್‌ಸಿ ಪುಸ್ತಕದ ನಂಬರು ಇನ್ನೊಂದು. "ನಮ್ಮ ಅಪ್ಪಾರು ತೀರಿಕೊಂಡಾರ, ಅವರನ್ನ ಕೇಳಬೇಕು" ಎಂದರು ಮಾರುವವರು, ತಮಾಷೆ ಮಾಡದೆ. ಬರುವಾಗ ಬಸ್ಸಿನಲ್ಲಿ ಯಜಮಾನರು ಎರಡು ಬಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

ಮೂರನೆಯದು ಮುಂಡರಗಿಯಲ್ಲಿತ್ತು.

ಭಾವನವರಿಗೆ ಗೊತ್ತಾಗದಿರಲೆಂದು ಅಲ್ಲಿಗೂ ಬಸ್ಸಿನಲ್ಲೇ ಹೋದೆವು. ಕಾರಿನವರು ಎಪ್ಪತ್ತು ದಾಟಿದ ಹಿರಿಯರು, ನೀರಾವರಿ ಕೆಲಸದ ಗುತ್ತಿಗೆದಾರರಾಗಿದ್ದವರು. ತಗಡಿನ ಶೆಡ್ಡಿನಲ್ಲಿ ಕಾರಿನ ಮೇಲೆ ದೊಡ್ಡದೊಂದು ಕೌದಿ ಹೊದಿಸಿದ್ದರು. ಹೆಂಡತಿಯ ಹಳೇ ಸೀರೆಗಳನ್ನೆಲ್ಲ ಕೂಡಿಸಿ ಹೊಲಿಸಿದ್ದಂತೆ. ಆಕೆ ಈಗ ಇಲ್ಲ. ಅವರು ಕೌದಿಯನ್ನು ಎಳೆಯಲಿಲ್ಲ. ಒಂದೊಂದೇ ಮಡಿಕೆ ಮಾಡಿ ತೆಗೆದರು. ಒಳಗೆ ಕಡುಹಸಿರಿನ ಪುಟ್ಟ ಕಾರು. ಟಾಪಿನ ಬಟ್ಟೆ ಹರಿದಿತ್ತು, ಹಿಂದಿನ ಬಂಪರ್ ಇರಲಿಲ್ಲ. ಅದಕ್ಕೇ ಬೆಲೆ ನಮ್ಮ ಮಿತಿಯೊಳಗೆ ಬಂದಿತ್ತು.

"ಯಾಕ ಮಾರಾಕ್ಹತ್ತೀರಿ, ಯಜಮಾನರ?" ಎಂದು ಕೇಳಿದರು ಇವರು.

"ಮೊಣಕಾಲ್ರಿ. ಇದರಾಗ ಕುಂತ್ರ ನೆಲದ ಮ್ಯಾಲೆ ಕುಂತಂಗ. ಎಬ್ಬಸಾಕ ಇಬ್ಬರು ಬೇಕು. ಹೋದ ಸಲ ಎಬ್ಬಸೂಮುಂದ ಇಬ್ಬರೂ ಬೈದ್ರು ನನಗ."

ಬಾನೆಟ್ಟಿಗೂ ಬಾಗಿಲುಗಳಿಗೂ ಮ್ಯಾಗ್ನೆಟ್ ಟಕ್ಕನೆ ಅಂಟಿತು. ಹೊಸ್ತಿಲು ನೋಡಲು ಬಗ್ಗುವಷ್ಟರಲ್ಲಿ ಹಿರಿಯರು ಇವರಿಂದ ಎಂಜಿನ್ ಶುರು ಮಾಡಿಸಿ, "ಮೊದಲ ಒಂದ ಸುತ್ತ ಹೊಡದ ಬರ್ರಿ. ನಾ ಎಲ್ಲಿ ಕುಂಡ್ರಲಿ, ನೀವ ಇಬ್ಬರ ಹೋಗ್ರಿ" ಎಂದರು.

ಹಾಗೆ ನಾನು ಮೊದಲ ಬಾರಿ ಕಾರಿನಲ್ಲಿ ಯಜಮಾನರ ಪಕ್ಕ ಕುಳಿತೆ. ಕಾರು ಎಷ್ಟು ತಗ್ಗಿತ್ತೆಂದರೆ ರಸ್ತೆ ಕೈಗೆ ಎಟುಕುವಂತಿತ್ತು. ಸೆರಗನ್ನು ತಲೆಯ ಮೇಲೆ ಹೊದ್ದು ಗಂಟು ಹಾಕಿಕೊಂಡೆ. ಅವರು ನೋಡಿ ತುಟಿ ಬಿಗಿಹಿಡಿದರು, ನಗು ತಡೆಯಲು. ಶಿರಹಟ್ಟಿಯ ಕಡೆಯ ರಸ್ತೆ. ದೂರದಲ್ಲಿ ಕಪ್ಪತಗುಡ್ಡ, ಅದರ ಮೇಲೆ ಗಾಳಿಯಂತ್ರಗಳು, ಎರಡೂ ಬದಿ ಶೇಂಗಾದ ಹೊಲ. ಗೇರು ಬದಲಿಸುವಾಗ ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಎಡಗೆನ್ನೆಯಲ್ಲಿ ನಾನು ಇಷ್ಟು ವರ್ಷ ಕಾಣದ ಒಂದು ಗೆರೆಯಿತ್ತು, ನಕ್ಕರೆ ಮಾತ್ರ ಮೂಡುವುದು. ಆ ಐದಾರು ನಿಮಿಷ ನನಗೆ ಸಾಕೆನಿಸಿದೆ ಎಂದರೆ ಸುಳ್ಳಾಗುತ್ತದೆ.

ಎಡಬದಿಯಲ್ಲಿ ಒಬ್ಬ ಮುದುಕಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದಿದ್ದಳು. ಕೆಂಪು ಇಳಕಲ್ ಸೀರೆ, ಹಸಿರು ಹೊರೆ. ಬೇವಿನ ಮರದ ಹತ್ತಿರವೇ ನಾನು ಅವಳನ್ನು ಕಂಡಿದ್ದೆ. ಇವರೂ ಕಂಡಿದ್ದಾರೆ ಅಂದುಕೊಂಡೆ. ಕಾರು ಅವಳ ಕಡೆಗೇ ಸರಿಯುತ್ತ ಹೋಯಿತು. ಇನ್ನೂ ಕಂಡಿದ್ದಾರೆ ಅಂದುಕೊಂಡೆ. ಆಮೇಲೆ ಕೂಗಿ ಸ್ಟಿಯರಿಂಗಿಗೆ ಕೈ ಹಾಕಿದೆ.

ಕಾರು ಬಲಕ್ಕೆ ಹೊರಳಿ ನಿಂತಿತು. ಮುದುಕಿ ಕುಕ್ಕರಿಸಿ ಬಿದ್ದಿದ್ದಳು, ಹುಲ್ಲು ರಸ್ತೆಯ ತುಂಬ. ಮೈಗೆ ತಾಗಿರಲಿಲ್ಲ. ಹೊರೆಯ ಅಂಚಿಗೆ ಕನ್ನಡಿ ತಾಗಿತ್ತು. ನಾನು ಓಡಿಹೋಗಿ ಎಬ್ಬಿಸಿದೆ. ಅವಳು ನನ್ನನ್ನು ನೋಡಲೇ ಇಲ್ಲ, ಇವರನ್ನೇ ನೋಡಿದಳು.

"ಯಪ್ಪಾ, ಕಣ್ಣ ಮನ್ಯಾಗ ಇಟ್ಟ ಬಂದೀಯೇನು? ನಾ ಏನ ಇರುವಿ ಅದೀನೇನೋ ಕಾಣಲಾರ್ದಂಗ? ಯಾಕ ನಿಂತಿ? ಹುಲ್ಲ ಕೂಡಿಸು, ಹೊರಿ ಎತ್ತು ಬಾ!"

ಇವರು ರಸ್ತೆಯ ಮೇಲೆ ಕೂತು ಹುಲ್ಲನ್ನು ಕೈಯಿಂದ ಬಳಿದು ಒಟ್ಟಿದರು. ಬದಿಯಲ್ಲಿ ಬಿದ್ದದ್ದು ಅವರಿಗೆ ಸಿಗಲಿಲ್ಲ, ಅದನ್ನು ನಾನು ಒಟ್ಟಿದೆ. ಹೊರೆಯನ್ನು ಅವಳ ತಲೆಗೇರಿಸಿ ಕೈ ಮುಗಿದರು. ಅವಳು ಗೊಣಗುತ್ತ ಹೋದಳು.

ಕಾರಿನಲ್ಲಿ ಕೂತ ಮೇಲೆ ಕೇಳಿದರು, "ಎಲ್ಲಿಂದ ಬಂದ್ಲು ಆಕಿ?"

"ರಸ್ತಿ ಮ್ಯಾಲೇ ಇದ್ಲ್ರಿ."

"ಯಾವಾಗಿಂದ?"

"ಆ ಬೇವಿನ ಗಿಡದಿಂದ."

ಅವರು ಪೂರ್ತಿ ಹಿಂದೆ ತಿರುಗಿ ಬೇವಿನ ಮರವನ್ನು ಹುಡುಕಿದರು. ಬಹಳ ದೂರವಿತ್ತು ಅದು. ಆಮೇಲೆ ಕಾರನ್ನು ನಡಿಗೆಯ ವೇಗದಲ್ಲಿ ಓಡಿಸುತ್ತ ವಾಪಸು ತಂದರು.

ಶೆಡ್ಡಿನಲ್ಲಿ ಹಿರಿಯರು ಚಹಾ ತರಿಸಿಟ್ಟಿದ್ದರು. "ಹೆಂಗೈತ್ರಿ?" ಎಂದರು. "ಭಾಳ ಚೊಲೊ ಐತ್ರಿ" ಎಂದರು ಇವರು. ಕೊಳ್ಳುವ ದನಿ ಅದು. ಇನ್ನೂ ಕೊಳ್ಳುತ್ತಾರೆ!

ನಾನು ಹೋಗಿ ಹೊಸ್ತಿಲ ಪಕ್ಕ ಕೂತೆ. ಮ್ಯಾಗ್ನೆಟ್ ಹಿಡಿದೆ. ಕರವಸ್ತ್ರದ ಸಮೇತ ಕಚ್ಚಿಕೊಂಡಿತು, ಕಿತ್ತರೂ ಬಾರದ ಹಾಗೆ. ಎಲ್ಲಿಯೂ ಪುಟ್ಟಿಯಿಲ್ಲ. ಆ ಮನುಷ್ಯ ಕಾರನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದರು.

"ಬೀಳಾಕ್ಹತ್ತೈತ್ರಿ" ಎಂದೆ. "ಒಳಗ ಎಲ್ಲಾ ತುಕ್ಕು. ಬ್ಯಾಡ್ರಿ ಇದು."

ಹಿರಿಯರು ಚಹಾದ ಕಪ್ಪನ್ನು ಕೆಳಗಿಟ್ಟರು. "ತಂಗಿ, ನಾ ಪುಟ್ಟಿ ಅನ್ನೂದ ಮುಟ್ಟಿಲ್ಲ ಇದಕ್ಕ. ಇನ್ನೊಂದ ಸಲ ನೋಡವಾ" ಎಂದರು. ಸಿಟ್ಟಿರಲಿಲ್ಲ, ಅವರ ಮೋರೆ ಸಣ್ಣದಾಗಿತ್ತು. ನಾನು ತಲೆ ಎತ್ತಲಿಲ್ಲ.

ಯಜಮಾನರು ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತರು. ಕೈ ಚಾಚಿದರು. ಮ್ಯಾಗ್ನೆಟ್ ಕೊಡಲೇಬೇಕಾಯಿತು. ಕರವಸ್ತ್ರ ಬಿಚ್ಚಿ, ಬೆರಳಿನಿಂದ ಹೊಸ್ತಿಲನ್ನು ತಡವಿ, ಅದಕ್ಕೆ ಹಿಡಿದರು. ಟಕ್. ಮುಂದಕ್ಕೆ ಸರಿದರು. ಟಕ್. ಬಾಗಿಲ ಈ ಕೊನೆಯಿಂದ ಆ ಕೊನೆಯವರೆಗೂ ಹೋದರು. ಆಮೇಲೆ ನನ್ನ ಭುಜ ಹಿಡಿದು ಎದ್ದು ನಿಂತರು.

"ನಿಮ್ಮ ಗಾಡಿಗೆ ಏನೂ ಆಗಿಲ್ರಿ, ಯಜಮಾನರ. ಹೊಸದ ಐತಿ. ನನಗ ಕಣ್ಣ ಕಾಣೂದಿಲ್ಲ. ಅದನ್ನ ಹೇಳಾಕ ಬರಲಾರದ ಈಕಿ ಹಂಗಂದ್ಲು. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಕಣ್ಣು ಕಾಣುವುದಿಲ್ಲ ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಹಿರಿಯರು ಕೌದಿಯ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಕಾರಿಗೆ ಹೊದಿಸಿದೆವು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ "ಚಹಾ ಆರಿತು, ತಂಗಿ" ಎಂದರು. ಆರಿದ ಚಹಾ ಕುಡಿದು ಬಂದೆವು.

ಬಸ್ಸಿನಲ್ಲಿ ಡಂಬಳ ದಾಟುವವರೆಗೂ ಅವರು ಮುಷ್ಟಿ ಬಿಗಿಹಿಡಿದೇ ಕೂತಿದ್ದರು. ಆಮೇಲೆ ಮುಷ್ಟಿ ಬಿಚ್ಚಿ ಮ್ಯಾಗ್ನೆಟ್ಟನ್ನು ನನ್ನ ಕೈಗಿಟ್ಟರು. ಬಿಸಿಯಾಗಿತ್ತು. ಅಂಗೈಯಲ್ಲಿ ಹೂವಿನ ಎಸಳಿನ ಗುರುತು ಮೂಡಿತ್ತು.

"ಮನಿಗೆ ಹೋಗಿ ಆ ಡಾಕ್ಟರ ಚೀಟಿ ತಗಿ" ಎಂದರು.

ತೆಗೆದು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದೆ, ಅದೇ ಮ್ಯಾಗ್ನೆಟ್ಟಿನಿಂದ. ಮರುದಿನ ಭಾವನವರು ಮಜ್ಜಿಗೆ ತೆಗೆದುಕೊಳ್ಳಲು ಬಂದವರು ಅದನ್ನು ಓದಿದರು, ಮತ್ತೆ ಓದಿದರು, ಮಜ್ಜಿಗೆ ತೆಗೆದುಕೊಳ್ಳದೆ ಹೊರಗೆ ಹೋದರು. ಅಂಗಳದಲ್ಲಿ ಅಣ್ಣ ತಮ್ಮ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಯಜಮಾನರು ಜೇಬಿನಿಂದ ಕಾರಿನ ಕೀಲಿ ತೆಗೆದು ಕೊಟ್ಟರು. ಭಾವನವರು ಅದನ್ನು ಬೇರೆಡೆ ನೋಡುತ್ತ ಇಸಿದುಕೊಂಡರು.

ಈಗ ಮನೆಯ ಕಾರಿಗೆ ಡ್ರೈವರ್ ಇದ್ದಾನೆ. ಮುಂದಿನ ಸೀಟು ಭಾವನವರದೇ. ಯಜಮಾನರು ಹಿಂದೆ ಬಂದಿದ್ದಾರೆ, ನನ್ನ ಪಕ್ಕಕ್ಕೆ. ಬುತ್ತಿಯ ಗಂಟು ಅವರ ತೊಡೆಯ ಮೇಲೆ. ಊರ ಹೊರಗಿನ ರಸ್ತೆ ಸಿಕ್ಕ ಮೇಲೆ ಅವರು ಮುಖವನ್ನು ನೇರ ಮುಂದಿಟ್ಟು, ಮೆಲ್ಲಗೆ, ಮುಂದಿನವರಿಗೆ ಕೇಳಿಸದ ಹಾಗೆ, "ಎಡಕ್ಕ ಏನೈತಿ?" ಎಂದು ಕೇಳುತ್ತಾರೆ. ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ.