ನೂರ ಎಪ್ಪತ್ತಾರು ಕಿಲೋ ಭತ್ತ

ಮೂವತ್ತು ವರ್ಷ ಉಡುಪಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿದವನು ನಾನು. ಶೇಕಡಾ ಲೆಕ್ಕದಲ್ಲಿ ತಪ್ಪುವ ಮಕ್ಕಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟೋ ಮಂದಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಕಳೆದ ವರ್ಷ ಕಾರ್ಕಳದಲ್ಲಿ ತಂಗಿಯ ಮಗಳ ಮದುವೆ. ಮದುವೆಯೂಟದ ಅಕ್ಕಿ ಸೋದರಮಾವನ ಗದ್ದೆಯಿಂದಲೇ ಹೋಗಬೇಕೆಂಬುದು ನಮ್ಮ ಮನೆಯ ಕಟ್ಟಳೆ. ಅಡುಗೆಯವರು ನೂರ ಮೂವತ್ತು ಕಿಲೋ ಕುಚ್ಚಲಕ್ಕಿ ಬೇಕೆಂದರು. ನೂರು ಕಿಲೋ ಭತ್ತ ಮಿಲ್ಲಿಗೆ ಹಾಕಿದರೆ ಅರವತ್ತೈದು ಕಿಲೋ ಅಕ್ಕಿ. ಉಳಿದ ಮೂವತ್ತೈದು ಉಮಿ, ತೌಡು, ನುಚ್ಚು. ಇದು ಊರಿಗೆಲ್ಲ ಗೊತ್ತಿದ್ದದ್ದೇ.

ಇನ್ನಂಜೆಯ ಮನೆಯಂಗಳದಲ್ಲಿ ಬೇಯಿಸಿದ ಭತ್ತ ಒಣಗಿಸುತ್ತಿದ್ದ ಅಮ್ಮ, ಶಾಲೆಯ ಮೆಟ್ಟಿಲು ಹತ್ತದವಳು, "ಎರಡು ಕ್ವಿಂಟಾಲ್ ಕೊಂಡುಹೋಗು ಮಾರಾಯ" ಎಂದಳು. ನಾನು ನಕ್ಕೆ. ನೂರಕ್ಕೆ ಮೂವತ್ತೈದು ಹೋಗುತ್ತದೆ ತಾನೇ? ನೂರ ಮೂವತ್ತಕ್ಕೆ ಅದರದ್ದೇ ಶೇಕಡಾ ಮೂವತ್ತೈದು ಸೇರಿಸಿದರಾಯಿತು. ನೂರ ಎಪ್ಪತ್ತೈದೂವರೆ. ಅರ್ಧ ಕಿಲೋ ಧಾರಾಳವಾಗಿ ಸೇರಿಸಿ, ನೂರ ಎಪ್ಪತ್ತಾರು ಕಿಲೋ ತೂಗಿಸಿ ಕಟಪಾಡಿಯ ಮಿಲ್ಲಿಗೆ ಹಾಕಿದೆ.

ಮಿಲ್ಲು ನಡೆಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಮಧ್ಯಾಹ್ನ ಹೋದರೆ ಅಕ್ಕಿ ನೂರ ಹದಿನಾಲ್ಕೇ ಕಿಲೋ! ಮದುವೆಗೆ ಮೂರೇ ದಿನ.

"ನನ್ನ ಹದಿನಾರು ಕಿಲೋ ಅಕ್ಕಿ ಎಲ್ಲಿ? ಕಲಿಸಿದ ಮೇಷ್ಟ್ರಿಗೇ ಟೋಪಿ ಹಾಕ್ತೀಯಾ?" ಎಂದು ಕೂಗಿದೆ. ಭತ್ತ ತಂದು ಕಾಯುತ್ತಿದ್ದ ಆರೇಳು ಮಂದಿ ತಿರುಗಿ ನೋಡಿದರು. ಇಬ್ಬರು ಮುಖ ಮುಖ ನೋಡಿಕೊಂಡು, ತಮ್ಮ ಚೀಲಗಳನ್ನು ಆಟೋಕ್ಕೆ ಹೇರಿಕೊಂಡು ಹೊರಟೇಬಿಟ್ಟರು.

ಅವಳು ಯಂತ್ರ ನಿಲ್ಲಿಸಿದಳು. ಜಗಳವಾಡಲಿಲ್ಲ. ನನ್ನ ಭತ್ತದ ಉಮಿ, ತೌಡು, ನುಚ್ಚಿನ ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಎಳೆದಳು. ಅರವತ್ತೆರಡು ಕಿಲೋ.

"ಒಟ್ಟು ನೂರ ಎಪ್ಪತ್ತಾರೇ ಉಂಟು ಸರ್. ನಾನು ಎಂತ ಕದ್ದದ್ದು?" ಎಂದಳು. "ನೀವು ಸೇರಿಸಿದ್ದು ಅಕ್ಕಿಯ ಶೇಕಡಾ ಮೂವತ್ತೈದು. ಹೋಗುವುದು ಭತ್ತದ ಮೂವತ್ತೈದು ಅಲ್ವಾ? ಇನ್ನು ಇಪ್ಪತ್ತನಾಲ್ಕು ಕಿಲೋ ತನ್ನಿ, ಸರಿಯಾಗ್ತದೆ."

ನೂರ ಮೂವತ್ತನ್ನು ಅರವತ್ತೈದರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಇನ್ನೂರು. ಏಳನೆಯ ತರಗತಿಯ ಲೆಕ್ಕ! ಇದೇ ತಪ್ಪಿಗೆ ಇವಳನ್ನೂ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆನೇನೋ. ಕೇಳುವ ಧೈರ್ಯ ಬರಲಿಲ್ಲ.

ಮನೆಗೆ ಓಡಿದೆ. ಅಮ್ಮ ಉಳಿದ ಭತ್ತವನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಜಗಲಿಯಲ್ಲಿ ಇಟ್ಟಿದ್ದಳು. "ಬರ್ತಿ ಅಂತ ಗೊತ್ತಿತ್ತು" ಎಂದಳು, ಅಷ್ಟೇ.

ಸಂಜೆಯೊಳಗೆ ಅಕ್ಕಿ ನೂರ ಮೂವತ್ತು ತುಂಬಿತು. ಮಿಲ್ಲಿನಲ್ಲಿದ್ದವರೆಲ್ಲರ ಎದುರು, ಯಂತ್ರದ ಸದ್ದಿಗಿಂತ ಗಟ್ಟಿಯಾಗಿ, "ತಪ್ಪು ನನ್ನದು, ಇವಳದ್ದಲ್ಲ" ಎಂದು ಹೇಳಿದೆ. ಅವಳು ತಲೆ ಎತ್ತದೆ ಚೀಲದ ಬಾಯಿ ಕಟ್ಟಿದಳು.

"ಮಧ್ಯಾಹ್ನ ಚೀಲ ಹೇರಿಕೊಂಡು ಹೋದ ಇಬ್ಬರು ಯಾರು? ಅವರ ಮನೆಗೆ ಹೋಗಿ ಹೇಳುತ್ತೇನೆ" ಎಂದೆ.

"ಗೊತ್ತಿಲ್ಲ ಸರ್," ಎಂದಳು. "ಇವತ್ತೇ ಮೊದಲ ಸಲ ಬಂದವರು."